ಎ ಸೆಕ್ಷನ್ನಿಗೆ ಬಸ್ಸಿಲ್ಲ

ಹತ್ತನೇ ಕ್ಲಾಸನ್ನು ಗಣಿತದ ಟೆಸ್ಟ್ ಕೊಟ್ಟು ಎ, ಬಿ ಅಂತ ಎರಡು ಮಾಡಿದೆವು. ಎ ಸೆಕ್ಷನ್ನಿಗೆ ಕಷ್ಟದ ಲೆಕ್ಕ, ಸಂಜೆ ಸ್ಪೆಷಲ್ ಕ್ಲಾಸು. ಬಿ ಸೆಕ್ಷನ್ನಿಗೆ ಪಾಸಾಗುವಷ್ಟು. ಹೆಸರು ಮುಚ್ಚಿಟ್ಟು ಪೇಪರ್ ತಿದ್ದಿದ್ದೆ. ಇದಕ್ಕಿಂತ ನ್ಯಾಯ ಇನ್ನೇನು ಬೇಕು ಅಂತ ನನಗೇ ಹೆಮ್ಮೆ. ಹುಳಿಯಾರಿನ ಆಚೆ ಹಳ್ಳಿಯ ಭಾಗ್ಯ ಎಲ್ಲರಿಗಿಂತ ಮುಂದಿದ್ದಳು.

ಮಾರನೇ ದಿನ ನೋಡಿದರೆ ಬಿ ಸೆಕ್ಷನ್ನಿನಲ್ಲಿ ಕೂತಿದ್ದಾಳೆ.

"ಇಲ್ಲೇನಮ್ಮ ನೀನು?"

"ಸ್ಪೆಷಲ್ ಕ್ಲಾಸ್ ಮುಗಿಯೋಷ್ಟ್ರಲ್ಲಿ ನಮ್ಮೂರ ಬಸ್ಸು ಹೋಗ್ಬುಡ್ತದೆ ಸಾರ್. ಆಮೇಲೆ ಬಸ್ಸಿಲ್ಲ."

"ನಿಮ್ಮಪ್ಪ ಬೈಕಲ್ಲಿ ಬಂದು ಕರ್ಕೊಂಡು ಹೋಗ್ಲಿ."

"ಕೇಳ್ದೆ ಸಾರ್. ಬಿ ಸೆಕ್ಷನ್ನೇ ಸಾಕು ಬುಡು ಅಂದ್ರು."

ಈಗ ನಾನು ಬೋರ್ಡಿನಲ್ಲಿ ಲೆಕ್ಕ ಬರೆದು ತಿರುಗುವುದರೊಳಗೆ ಅವಳು ಉತ್ತರ ಬರೆದು ಕಿಟಕಿ ನೋಡುತ್ತಿರುತ್ತಾಳೆ.

ಪೇಪರ್ ತಿದ್ದಿದ್ದು ನಾನೇ. ಸೆಕ್ಷನ್ ಹಂಚಿದ್ದು ಮಾತ್ರ ಸಂಜೆಯ ಬಸ್ಸು.