ಬಣ್ಣ ಬಾರದ ನೀರು

ನಾಗಪುರದ ಬೇಸಿಗೆಯಲ್ಲಿ ಊರೆಲ್ಲ ಈಜುಕೊಳಕ್ಕೆ ಇಳಿಯುತ್ತದೆ. ನಾನು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್, ದಂಡೆಯ ಮೇಲೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಗಾಜಿನ ನಳಿಕೆಯಲ್ಲಿ ನೀರು ತುಂಬಿಕೊಳ್ಳುವವಳು. ಗುಳಿಗೆ ಹಾಕಿ ಅಲುಗಿಸಿದರೆ ಕ್ಲೋರಿನ್ ಇದ್ದ ನೀರು ಗುಲಾಬಿಯಾಗುತ್ತದೆ. ಇಲ್ಲದ್ದು ಇದ್ದ ಹಾಗೇ ಇರುತ್ತದೆ, ನೋಡಲಿಕ್ಕೆ ಬಹಳ ಸ್ವಚ್ಛ. ಬರೀ ಕಣ್ಣಿಗೆ ಸ್ವಚ್ಛ ಕಂಡದ್ದನ್ನು ನಾನು ನಂಬುವುದಿಲ್ಲ. ಮನುಷ್ಯರನ್ನೂ ನಂಬುವುದಿಲ್ಲ ಎಂದು ಗಂಡ ಛೇಡಿಸುತ್ತಾರೆ.

ಅವರದು ರೈಲ್ವೆ ನೌಕರಿ. ಹುಬ್ಬಳ್ಳಿಯಿಂದ ವರ್ಗವಾಗಿ ಬಂದಾಗ ಅತ್ತೆಯೂ ಜೊತೆಗೆ ಬಂದರು. ಅತ್ತೆಗೆ ಮೊಣಕಾಲು ನೋವು. ರಾಮದಾಸಪೇಠಿನ ಡಾಕ್ಟರು ಆಪರೇಷನ್ ಎಂದರು, ಅತ್ತೆ ಒಲ್ಲೆ ಎಂದರು. ಹಾಗಾದರೆ ನೀರಿನಲ್ಲಿ ನಡೆಯಿರಿ, ಇಲ್ಲವಾದರೆ ಕಾಲು ಹಿಡಿದುಕೊಳ್ಳುತ್ತದೆ ಎಂದರು ಡಾಕ್ಟರು. ಸದರ್ ಬಡಾವಣೆಯ ಕಡೆ ಒಂದು ಕ್ಲಬ್ಬಿನ ಈಜುಕೊಳದಲ್ಲಿ ಬೆಳಿಗ್ಗೆ ಹೆಂಗಸರ ಪಾಳಿ ಇತ್ತು. ಮನೆಯಲ್ಲಿ ಗೋಡೆ ಹಿಡಿದು ಓಡಾಡುವ ಅತ್ತೆ ಎದೆಮಟ್ಟದ ನೀರಿನಲ್ಲಿ ಕೈ ಬೀಸಿಕೊಂಡು ನಡೆದರು, ಸಂತೆಗೆ ಹೊರಟವರ ಹಾಗೆ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಆದರೆ ನೀರಿಗಿಳಿಯುವ ಮೊದಲು ಹರಳೆಣ್ಣೆ ಆಗಲೇಬೇಕು. “ಕೆಂಡದಂಥ ಊರು ಇದು. ಎಣ್ಣಿ ಇಲ್ದ ಇಳದ್ರ ಮೈ ಒಡೀತದ” ಎಂಬುದು ಅವರ ಶಾಸ್ತ್ರ. ಪಾಳಿಯ ಮರಾಠಿ ಹೆಂಗಸರೂ ಅವರನ್ನು ನೋಡಿ ನೆತ್ತಿಗೆ, ಕೀಲಿಗೆ ಎಣ್ಣೆ ತಿಕ್ಕಿಕೊಂಡೇ ಬರತೊಡಗಿದರು.

ಉಳಿದವರೂ ಹಚ್ಚಿಕೊಂಡು ಬರುತ್ತಿದ್ದಾರೆಂದು ನನಗೆ ತಿಳಿದದ್ದು, ಮಕ್ಕಳ ಕಣ್ಣು ಕೆಂಪಾಗುತ್ತಿವೆ, ಕಿವಿ ಸೋರುತ್ತಿವೆ ಎಂದು ಅದೇ ಕೊಳದ ಮೇಲೆ ದೂರು ಬಂದಾಗ. ಯಾವಾಗಲೂ ಹೆಂಗಸರ ಪಾಳಿಗೆ ಮೊದಲು ಹೋಗುತ್ತಿದ್ದವಳು ಅಂದು ಪಾಳಿ ಮುಗಿದ ಮೇಲೆ ಹೋದೆ. ಅಂಚಿನಲ್ಲಿ ಎಣ್ಣೆಯ ಪದರ ಮಿನುಗುತ್ತಿತ್ತು. ಗುಳಿಗೆ ಹಾಕಿದೆ, ಬಣ್ಣ ಬರಲಿಲ್ಲ. ಇದ್ದ ಕ್ಲೋರಿನ್ನನ್ನು ಅರ್ಧ ಬಿಸಿಲು ತಿಂದಿತ್ತು, ಅರ್ಧ ಎಣ್ಣೆ. ಮಕ್ಕಳ ಪಾಳಿ ಅದರ ನಂತರದ್ದು.

ಕ್ಲಬ್ಬಿನ ಸೆಕ್ರೆಟರಿ, “ಮ್ಯಾಡಮ್, ಲೇಡೀಸ್ ಬ್ಯಾಚ್ ಬಂದ್ ಕರಾ” ಎಂದ. ಹೆಂಗಸರನ್ನು ನಿಲ್ಲಿಸಿಬಿಟ್ಟರೆ ಎಲ್ಲಾ ಬರೋಬರ್ ಅಂತೆ. ಸಿಟ್ಟು ನೆತ್ತಿಗೇರಿತು. ಸಾಬೂನು ಹಚ್ಚಿ ಮೈ ತೊಳೆದುಕೊಂಡು ಇಳಿದರೆ ತೀರಿತು, ನಿಲ್ಲಿಸುವುದೇಕೆ ಎಂದೆ. ಹೆಂಗಸರು ಎಲ್ಲಿ ತೊಳೆದುಕೊಳ್ಳಬೇಕು ಎಂದು ಕೇಳಿದೆ. ಅವನು ತೋರಿಸಿದ ಷವರ್ ಗೇಟಿನ ಎದುರು, ಬಟಾಬಯಲಲ್ಲಿ ಇತ್ತು. ಹೆಂಗಸರಿಗೆ ಮರೆಯಿರುವ ಬಚ್ಚಲು ಕಟ್ಟುವ ತನಕ ಕೊಳ ಎಲ್ಲರಿಗೂ ಬಂದ್ ಎಂದು ಬರೆದುಕೊಟ್ಟೆ.

ಮನೆಯಲ್ಲಿ ಅತ್ತೆ ಕೇಳಿದರು, “ಎಲ್ಲಾರಿಗೂ ಅಂದ್ರ ನನಗೂ ಏನವಾ?”

“ಹೌದ್ರಿ ಅತ್ತಿ. ಒಂದೀಟ ದಿನ, ಬಚ್ಚಲಾ ಕಟ್ಟೂತನಕ.”

“ಸರ್ಕಾರದಾಕಿ ಸೊಸಿ ಆಗಿ ಬಂದ್ರ ಹಿಂಗ” ಎಂದು ಅವರು ಫ್ಯಾನಿಗೆ ಹೇಳಿದರು.

ಬಚ್ಚಲು ಆಮೆಯ ಹೆಜ್ಜೆಯಲ್ಲಿ ಎದ್ದಿತು. ಹೋದಾಗೆಲ್ಲ ಸೆಕ್ರೆಟರಿಯ ಬಾಯಲ್ಲಿ ಉದ್ಯಾ, ಅಂದರೆ ನಾಳೆ. ಮೇಲೆ ತಗಡು ಬೀಳುವ ಹೊತ್ತಿಗೆ ಮಳೆಗಾಲ ಬಂದು, ಆ ವರ್ಷದ ಈಜು ಮುಗಿದಿತ್ತು. ಚಳಿಗಾಲದಲ್ಲಿ ಅತ್ತೆಯ ಓಡಾಟ ಮಂಚದಿಂದ ಬಾಗಿಲ ತನಕ ಆಯಿತು.

ಮರುವರ್ಷ ಕೊಳ ತೆರೆದ ದಿನ ಆಟೋದಲ್ಲಿ ಕರೆದುಕೊಂಡು ಹೋದೆ. ಹೆಂಗಸರು ಹೊಸ ಬಚ್ಚಲಿನಲ್ಲಿ ಸಾಬೂನು ಹಚ್ಚಿ ಮಿಂದು, ನಗುತ್ತಾ ನೀರಿಗಿಳಿಯುತ್ತಿದ್ದರು. ಅತ್ತೆ ಕಬ್ಬಿಣದ ಏಣಿ ಹಿಡಿದರು. ಮೊಣಕಾಲು ಮಡಚಲಿಲ್ಲ. ಇನ್ನೊಮ್ಮೆ ಹಿಡಿದರು. ಆಮೇಲೆ ನಾನೂ ಪಾಳಿಯ ಇನ್ನೊಬ್ಬ ಹೆಂಗಸೂ ಹಿಡಿದು ದಂಡೆಯ ಮೇಲೆ ಕೂರಿಸಿದೆವು. ಪಾದ ಮಾತ್ರ ನೀರಿಗೆ ಮುಟ್ಟುತ್ತಿತ್ತು.

ನಾನು ಪಕ್ಕದಲ್ಲೇ ಬಗ್ಗಿ ನಳಿಕೆ ತುಂಬಿಕೊಂಡು ಗುಳಿಗೆ ಹಾಕಿದೆ.

“ಬಣ್ಣ ಬಂತೇನ?”

“ಬಂತ್ರಿ ಅತ್ತಿ. ಚಲೋ ಬಂತು.”

“ಹೋದ ವರ್ಷ ಬಂದಿದ್ರ ನಾನೂ ನಡೀತಿದ್ದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಆದೇಶ ಸರಿಯಿತ್ತು, ಇವತ್ತಿಗೂ ಅದನ್ನೇ ಬರೆಯುತ್ತೇನೆ.

ಆಗಲೇ ಅವರ ಪಾದದ ಸುತ್ತ ನೀರಿನ ಮೇಲೆ ಏನೋ ಮಿನುಗಿದ್ದು ಕಂಡಿತು. ಮನೆಯಿಂದ ಹೊರಡುವ ಮೊದಲು ಸ್ನಾನ ಮಾಡಿಸಿದ್ದೆ. ನನ್ನ ಕಣ್ಣು ತಪ್ಪಿಸಿ ಪಾದಕ್ಕೆ ಎಣ್ಣೆ ಹಚ್ಚಿಕೊಂಡಿದ್ದರು. ಬೇರೆ ಯಾರೇ ಆಗಿದ್ದರೂ ಕಾಲು ತೆಗೆಯಿರಿ ಎನ್ನುತ್ತಿದ್ದೆ. ನಳಿಕೆಯನ್ನು ಚೀಲಕ್ಕೆ ಹಾಕಿ, ಅವರ ಪಕ್ಕ ಕೂತೆ. ಆ ದಿನ ನೀರನ್ನು ಮತ್ತೆ ಪರೀಕ್ಷಿಸಲಿಲ್ಲ.