ಕಲ್ಲುಮುಖದಕ್ಕನ ಕೈ ಮಾತಾಡಿತು

ಬೆಳಗಿನ ಆರೂಕಾಲು. ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಖಾಲಿ ಕುರ್ಚಿಯ ಮೇಲೆ ಕೂತು, ಎದ್ದು, ಮತ್ತೆ ಕೂರುತ್ತಿದ್ದಾರೆ. ಕುರ್ಚಿ ಕಿರ್ ಎನ್ನುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಕಾಲಿನ ತಿರುಪಿಗೆ ಎರಡು ಹನಿ ಎಣ್ಣೆ ಬಿಡುತ್ತಾರೆ. ಗೋಡೆ ಗಡಿಯಾರ ಇಳಿಸಿ, ಟವೆಲ್ ಸುತ್ತಿ ಬೀರುವಿನೊಳಗೆ ಇಡುತ್ತಾರೆ. ಕ್ಯಾಲೆಂಡರೂ ಇಳಿಯುತ್ತದೆ. "ಕಣ್ಣಿಗೆ ಏನಾದ್ರೂ ಸಿಕ್ರೆ ಮನಸ್ಸು ಅಲ್ಲೇ ಹೋಗಿ ಕೂತ್ಕೊಳತ್ತೆ," ಎನ್ನುತ್ತಾರೆ. ದನಿಯಲ್ಲಿ ನಗುವಿಲ್ಲ. ಮಧ್ಯಾಹ್ನದೊಳಗೆ ಕೊನೆಯ ಆರು ಜನರ ಪರೀಕ್ಷೆ ಮುಗಿಯಬೇಕು. ಆಮೇಲೆ, ಸ್ಟ್ರೋಕ್ ಆಗಿ ನೆನಪು ಮಂಕಾದವರಿಗೆ ಇಲ್ಲಿ ಹೇಳಿಕೊಡುವ ಅಭ್ಯಾಸದಿಂದ ನಿಜಕ್ಕೂ ಉಪಯೋಗವಿದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ.

ಇದು ನೆನಪು, ಗಮನ, ಯೋಚನೆಗಳನ್ನು ಅಳೆಯುವ ಪ್ರಯೋಗಾಲಯ. ಇವರು ಇಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸಹಾಯಕಿ. ಬಂದವರನ್ನು ಕೂರಿಸಿ, ಹನ್ನೆರಡು ವಾಕ್ಯದ ಸೂಚನೆ ಓದಿ, ಉತ್ತರ ಗುರುತು ಹಾಕಿಕೊಳ್ಳುವುದು ಕೆಲಸ. ದಿನಕ್ಕೆ ಎಂಟು ಜನ. ಎಂಟು ಸಲವೂ ಅದೇ ವಾಕ್ಯ, ಅದೇ ದನಿ, ಅದೇ ವೇಗ. ತಲೆ ಆಡಿಸುವಂತಿಲ್ಲ, ಹುಬ್ಬೇರಿಸುವಂತಿಲ್ಲ, "ಭೇಷ್" ಅನ್ನುವಂತಿಲ್ಲ. ಎದುರಿನವರ ಮುಖ ನೋಡಿ ಉತ್ತರ ಊಹಿಸುವುದರಲ್ಲಿ ಮನುಷ್ಯ ಬಲು ಜಾಣ. ಅದಕ್ಕೇ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೂರುವುದನ್ನು ಇವರು ಕಲಿತರು. ಎಲ್ಲರ ಬಾಯಲ್ಲೂ ಕಲ್ಲುಮುಖದಕ್ಕನಾದರು.

ಬೀರುವಿನಲ್ಲಿ ಹಳೆಯ ಸಾಮಾನುಗಳಿವೆ. ಗುಂಡಿ ಒತ್ತಲು ಹಿಡಿಯುವ ಸಮಯವನ್ನು ಸೆಕೆಂಡಿನ ಸಾವಿರದ ಒಂದು ಪಾಲಿಗೆ ಅಳೆಯುತ್ತಿದ್ದ ಹಿತ್ತಾಳೆಯ ಗಡಿಯಾರ, ಕಣ್ಣು ಮಿಟುಕಿಸುವುದರೊಳಗೆ ಅಕ್ಷರ ತೋರಿಸಿ ಮುಚ್ಚಿಕೊಳ್ಳುತ್ತಿದ್ದ ಮರದ ಪೆಟ್ಟಿಗೆ. ಧೂಳು ಒರೆಸುತ್ತ ಅಕ್ಕ ಮನಶ್ಶಾಸ್ತ್ರದ ನೂರು ವರ್ಷದ ಕಥೆಯನ್ನು ಮೂರೇ ಮಾತಿನಲ್ಲಿ ಮುಗಿಸುತ್ತಾರೆ: "ಮೊದಲು, ನಿನ್ನ ಮನಸ್ಸಿನೊಳಗೆ ನೀನೇ ನೋಡ್ಕೊಂಡು ಹೇಳು ಅಂದ್ರಂತೆ. ಒಬ್ಬೊಬ್ರು ಒಂದೊಂದು ಹೇಳಿದ್ರು. ಆಮೇಲೆ, ಒಳಗಿನ ಸುದ್ದಿನೇ ಬೇಡ, ಹೊರಗೆ ಏನ್ ಮಾಡ್ತಾನೆ ಅಷ್ಟೇ ನೋಡು ಅಂದ್ರು. ಕಂಪ್ಯೂಟರ್ ಬಂದ್ಮೇಲೆ, ಇಲ್ಲ ಕಣ್ರಪ್ಪ ಒಳಗೇನೋ ನಡೀತಿದೆ ಅಂತ ಮತ್ತೆ ಬಾಗಿಲು ತಟ್ಟಿದ್ರು."

ಕಳೆದ ವರ್ಷದ ಪ್ರಯೋಗಕ್ಕೆ ನಲವತ್ತನಾಲ್ಕು ಜನ ಬಂದಿದ್ದರು. ಅರ್ಧದಷ್ಟು ಜನ ವಾರಕ್ಕೆ ಮೂರು ಸಲದಂತೆ ಆರು ವಾರ ಬಂದು, ಅಕ್ಕನ ಮುಂದೆ ಕೂತು ಕೊಡೆ, ಕತ್ತರಿಯಂಥ ಚಿತ್ರದ ಕಾರ್ಡುಗಳಲ್ಲಿ ಅಭ್ಯಾಸ ಮಾಡಿದರು. ಪ್ರತಿ ಉತ್ತರಕ್ಕೂ ಅಕ್ಕ ಪೆನ್ನಿನಿಂದ ಗುರುತು ಹಾಕಿ, ಆಮೇಲೆ ಸರಿಯಾದ ಕಾರ್ಡು ತೋರಿಸುತ್ತಿದ್ದರು. ಇನ್ನರ್ಧ ಜನ ಕೊನೆಯ ಪರೀಕ್ಷೆಗೆ ಮಾತ್ರ ಬಂದರು. ಆ ಪರೀಕ್ಷೆ ಹೀಗೆ: ಮೊದಲು ಪದಗಳ ಪಟ್ಟಿಯೊಂದನ್ನು ಕೇಳಿಸಿ, ಆಮೇಲೆ ಅಕ್ಕ ಒಂದೊಂದೇ ಪದ ಓದುವುದು, ಅದು ಮೊದಲು ಕೇಳಿದ ಪದವಾದರೆ ಅವರು ಹೌದು ಅನ್ನುವುದು, ಅಲ್ಲದಿದ್ದರೆ ಇಲ್ಲ ಅನ್ನುವುದು. ಮುಂದಿನ ಪದ ಓದುವ ಮೊದಲು ಉತ್ತರ ಬದಲಾಯಿಸಬಹುದು. ಅಭ್ಯಾಸ ಮಾಡಿದವರಿಗೆ ನಲವತ್ತರಲ್ಲಿ ಸರಾಸರಿ ಮೂವತ್ತನಾಲ್ಕು ಸರಿ, ಮಾಡದವರಿಗೆ ಇಪ್ಪತ್ತಾರು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಖುಷಿಯಿಂದ ಲೇಖನ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದರು. ಆಸ್ಪತ್ರೆಗಳಿಂದ ಫೋನು ಬರತೊಡಗಿತು.

ಅಕ್ಕನಿಗೆ ಆ ಖುಷಿ ಇನ್ನೂ ಒಂದು ಕೈ ಹೆಚ್ಚು. ಬಸ್ ಓಡಿಸುತ್ತಿದ್ದ ಅವರ ಯಜಮಾನರಿಗೂ ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿದೆ. ಮನೆಯವರು ಪ್ರಯೋಗಕ್ಕೆ ಸೇರುವಂತಿಲ್ಲ. ಅದಕ್ಕೆ ಕಾರ್ಡುಗಳ ನಕಲು ತಂದು ಮನೆಯಲ್ಲೇ ದಿನಾ ಮುಕ್ಕಾಲು ಗಂಟೆ ಕೂರಿಸುತ್ತಾರೆ. "ನಿನ್ನ ತಂಗಿ ಹೆಸರು ಮರೆತಿರಬಹುದು, ನಿನ್ನ ಬೈಗುಳ ಒಂದೂ ಮರೆತಿಲ್ಲ ಬಿಡು," ಎಂದು ಅವರು ಕಿಚಾಯಿಸುತ್ತಾರೆ. ಆದರೂ ತಪ್ಪದೆ ಕೂರುತ್ತಾರೆ.

ಹೀಗಿರುವಾಗ ಒಂದು ದಿನ, ಅಭ್ಯಾಸ ಮುಗಿಸಿದ್ದ ದರ್ಜಿಯೊಬ್ಬರು ಮೆಟ್ಟಿಲ ಹತ್ತಿರ ಸಿಕ್ಕಿ ನಗುತ್ತ ಅಂದರು: "ಅಮ್ಮಾ, ನಿಮ್ಮ ಮುಖ ಕಲ್ಲು, ಪೆನ್ನು ಮಾತ್ರ ಬೆಣ್ಣೆ. ನಾನು ಸರಿ ಹೇಳಿದ್ರೆ ರೈಟ್ ಹಾಕ್ತಿದ್ರಿ, ಒಂದು ಗೀಟು. ತಪ್ಪಾದ್ರೆ ಇಂಟು, ಎರಡು ಗೀಟು. ಸರ್ ಸರ್ ಅಂತ ಕೇಳಿಸಿದ ತಕ್ಷಣ ನಾನು ಮಾತು ಬದಲಾಯಿಸಿಬಿಡ್ತಿದ್ದೆ."

ಅಕ್ಕ ಮೆಟ್ಟಿಲ ಮೇಲೇ ನಿಂತು ಲೆಕ್ಕ ಹಾಕಿದರು. ಅಭ್ಯಾಸ ಮಾಡಿದವರು ಆರು ವಾರ ಆ ಪೆನ್ನಿನ ಸದ್ದನ್ನು ಕೇಳಿದ್ದರು. ಉಳಿದವರು ಕೇಳಿದ್ದು ಒಂದೇ ದಿನ. "ಅವರು ಕಲ್ತಿದ್ದು ನೆನಪಿಟ್ಕೊಳ್ಳೋದನ್ನೋ, ನನ್ನ ಪೆನ್ನನ್ನೋ? ಮುಖ ಕಟ್ಟಿಹಾಕಿದ್ದೆ. ಕೈ ಮಾತಾಡ್ತಿತ್ತು, ನಂಗೇ ಕೇಳಿಸ್ಲಿಲ್ಲ."

ದರ್ಜಿ ಬೇರೆ ಯಾರಿಗೂ ಹೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಲೇಖನ ಅಚ್ಚಾಗುತ್ತಿತ್ತು. ಮರುದಿನ ಅಕ್ಕ ನೇರ ಮೇಡಂ ಕೋಣೆಗೆ ಹೋದರು. ಕೇಳಿದ ಮೇಡಂ ಮುಖ ಬಿಳಿಚಿಕೊಂಡಿತು. "ಎರಡು ದಿನ ನನ್ನ ಕಣ್ಣಿಗೆ ಬೀಳ್ಬೇಡಿ," ಅಂದರು. ಮೂರನೇ ದಿನ ತಾವೇ ಬಂದು ಆ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, "ಹಾಕಿ ಗುರುತು," ಅಂದರು. ಹತ್ತು ಗುರುತಿನಲ್ಲಿ ಹತ್ತನ್ನೂ ಸದ್ದಿನಿಂದಲೇ ಹೇಳಿದರು. ಲೇಖನ ತಡೆಹಿಡಿದು, ಎಲ್ಲರನ್ನೂ ಮತ್ತೆ ಕರೆಸಿದರು. ಮೊದಲು ಅಭ್ಯಾಸ ಮಾಡಿದವರಿಗೇ ಮತ್ತೆ ಆರು ವಾರದ ಅಭ್ಯಾಸ, ಪರೀಕ್ಷೆಗೆ ಹೊಸ ಪದಗಳು. ಈ ಸಲ ಪೆನ್ನಿಲ್ಲ. ಪದ ಪರದೆಯ ಮೇಲೆ ಬರುತ್ತದೆ, ಉತ್ತರಕ್ಕೆ ಎರಡು ಗುಂಡಿಗಳಿವೆ. ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಇವತ್ತಿನ ಆರು ಜನರಲ್ಲಿ ಆ ದರ್ಜಿಯೂ ಇದ್ದಾರೆ. "ಏನಮ್ಮಾ, ನನ್ನ ಗೆಳೆಯನನ್ನ ಕೆಲಸದಿಂದ ತೆಗೆದೇಬಿಟ್ರಾ?" ಎಂದು ಬೆರಳಲ್ಲಿ ಪೆನ್ನಿನ ಹಾಗೆ ಗೀಚಿ ತೋರಿಸುತ್ತಾರೆ. ಅಕ್ಕ ಅವರನ್ನು ಕೂರಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಒಳಗಿನಿಂದ ಗುಂಡಿಯ ಟಕ್ ಸದ್ದು. ಸರಿಯಾದರೂ ಟಕ್, ತಪ್ಪಾದರೂ ಟಕ್. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಲವತ್ತನ್ನೂ ಎಣಿಸುತ್ತಾರೆ. "ಈ ಅಭ್ಯಾಸ ನಿಜ ಆಗ್ಲಿ ಅಂತ ನನ್ನಷ್ಟು ಯಾರೂ ಬೇಡ್ಕೊಂಡಿರಲ್ಲ. ಆದ್ರೆ ಬೇಡ್ಕೊಳ್ಳೋರು ಒಳಗೆ ಕೂರಬಾರದು."

ಒಂದೂಕಾಲಕ್ಕೆ ಮೇಡಂ ಕಂಪ್ಯೂಟರಿನಲ್ಲಿ ಎರಡು ಸಂಖ್ಯೆ ಮೂಡುತ್ತವೆ. ಅಭ್ಯಾಸ ಮಾಡಿದವರಿಗೆ ನಲವತ್ತರಲ್ಲಿ ಇಪ್ಪತ್ತೇಳು, ಮಾಡದವರಿಗೆ ಇಪ್ಪತ್ತಾರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಲೇಖನ ವಾಪಸ್ ಪಡೆಯುವ ಪತ್ರ ಬರೆಯಲು ಕೂರುತ್ತಾರೆ.

ಅಷ್ಟರಲ್ಲಿ ಅಕ್ಕನ ಫೋನು ಅದುರುತ್ತದೆ. ಅತ್ತ ಯಜಮಾನರು. ಸುತ್ತಿ ಬಳಸದೆ ಅಕ್ಕ ಹೇಳಿಬಿಡುತ್ತಾರೆ: "ಇಲ್ಲ ರೀ. ಆ ಕಾರ್ಡಿನಿಂದ ಏನೂ ಆಗಲ್ಲ." ಆ ಕಡೆಯಿಂದ, ತಡವರಿಸುತ್ತ: "ಸದ್ಯ, ಆ ಕೊಡೆ-ಕತ್ತರಿ ನೋಡಿ ನೋಡಿ ಸಾಕಾಗಿತ್ತು. ನೀನು ಊಟ ಮಾಡಿದ್ಯಾ?"

ಫೋನಿಟ್ಟು ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಇಪ್ಪತ್ತೊಂಬತ್ತು ವರ್ಷ ಅಲುಗದ ಮುಖ ಈಗ ಪೂರ್ತಿ ಅಲುಗಿದೆ. ಪತ್ರದಲ್ಲಿ ನಿಮ್ಮ ಹೆಸರು ಹಾಕಲೇ, ತಪ್ಪನ್ನು ಬಂದು ತಿಳಿಸಿದವರು ನೀವೇ ಅಲ್ಲವೇ ಎಂದು ಮೇಡಂ ಕೇಳುತ್ತಾರೆ.

"ಹೆಸರು ಬೇಡ ಮೇಡಂ. ರೈಟಿಗೆ ಒಂದು ಗೀಟು, ಇಂಟಿಗೆ ಎರಡು ಗೀಟು, ಅದನ್ನ ಮಾತ್ರ ಬಿಡಿಸಿ ಬರೀರಿ. ಇನ್ಯಾವುದೋ ಊರಲ್ಲಿ ನನ್ನಂಥವಳೊಬ್ಬಳು ಈಗ್ಲೂ ಪೆನ್ನು ಹಿಡ್ಕೊಂಡು ಕೂತಿರ್ತಾಳೆ."