ಗಸಗಸೆ ಕಾಳಿನಷ್ಟು ಮಗಳು

ಆ ವರ್ಷ ನಾನೂ ನನ್ನ ಅತ್ತೆಯೂ ಗೋವಾದ ಕಲಂಗುಟ್ ದಂಡೆಯಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಿದ್ದೆವು. ನಮ್ಮ ಮನೆಯವರಿಗೆ ಪರ್ವರಿಯಲ್ಲಿ ಗೌಂಡಿ ಕೆಲಸ. ಅದಕ್ಕೂ ಮೊದಲು ಎರಡು ಸಲ ಬಸುರಾಗಿ, ಎರಡೂ ಸಲ ಹೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಕಳೆದುಕೊಂಡಿದ್ದೆ. ಹಾಗಾಗಿ ಮತ್ತೆ ಮುಟ್ಟು ತಪ್ಪಿದಾಗ ಬಾಯಿ ಬಿಡಲಿಲ್ಲ. ಆದರೆ ಒಂದು ಬೆಳಿಗ್ಗೆ ಚಹಾ ಕುದಿಯುವ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತೆ ನೋಡಿಬಿಟ್ಟರು.

"ಯಾಕವಾ, ಚಹಾ ಒಲ್ಲೇನು?"

"ಹೊಟ್ಟಿ ತೊಳಸಾಕತ್ತೈತ್ರಿ ಅತ್ತಿ. ನಿನ್ನೆ ಸ್ವಲ್ಪ ರಕ್ತಾನೂ ಕಂಡೈತಿ."

ಅತ್ತೆ ಒಲೆ ಆರಿಸಿದರು. ಅಂದು ನಮ್ಮ ಮಣಿಗಳ ಗಂಟು ಬಿಚ್ಚಲೇ ಇಲ್ಲ. ಸೀದಾ ಡಾಕ್ಟರಮ್ಮನ ಬಳಿಗೆ ಹೋದೆವು.

ಡಾಕ್ಟರಮ್ಮ ಕೊಂಕಣಿಯವರು, ಅವಸರವಿಲ್ಲದ ಹೆಂಗಸು. ದಂಡೆಯಲ್ಲಿ ಅಷ್ಟು ವರ್ಷ ವ್ಯಾಪಾರ ಮಾಡಿದ ಅತ್ತೆಗೆ ಕೊಂಕಣಿ ಸಲೀಸು. ನಡುವೆ ಕನ್ನಡ ಬೆರೆತರೂ ಮಾತು ನಿಲ್ಲುತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದು ಇಷ್ಟು. ಅಂಡ ಹೊರಬಿದ್ದ ಮೇಲೆ ಅಂಡಾಶಯವು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ತಯಾರಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ಮೆತ್ತಗಾಗಿ, ಬಂದ ಜೀವ ಅಲ್ಲಿ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡ ಜೀವ ಸುಮ್ಮನೆ ಕೂರುವುದಿಲ್ಲ, ತನ್ನದೇ ಒಂದು ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. 'ನಾನು ಬಂದಿದ್ದೇನೆ, ನಿಲ್ಲಿಸಬೇಡ' ಎಂದು ಅಂಡಾಶಯಕ್ಕೆ ಹೇಳುವುದು ಅದೇ. ಆ ಸುದ್ದಿ ಮುಟ್ಟದಿದ್ದರೆ ಪದರ ಕಳಚಿ ಮುಟ್ಟಾಗುತ್ತದೆ.

"ಈಗ ಎಷ್ಟು ದೊಡ್ಡದೈತ್ರಿ ಅದು?" ನಾನು ಕೇಳಿದೆ.

ಗಸಗಸೆ ಕಾಳಿನಷ್ಟು ಎಂದರು.

ಅತ್ತೆ ಸೆರಗು ಸರಿಪಡಿಸಿಕೊಂಡರು. "ಕೈ ಇಲ್ಲ, ಕಾಲಿಲ್ಲ, ಬಂದ ಕೂಡ್ಲೆ ಮಂದಿಗೆ ಕೆಲಸ ಹಚ್ಚೈತಿ. ಖರೇನ ನಮ್ಮ ಮನಿತನದ್ದ." ಆಮೇಲೆ ಗಂಭೀರವಾಗಿ, "ಎಮ್ಮಿಗೂ ಹಿಂಗ ಏನ್ರಿ?" ಎಂದರು. ಪ್ರೊಜೆಸ್ಟೆರಾನ್ ಎಮ್ಮೆಗೂ ಬೇಕು, ಆದರೆ ಎಮ್ಮೆಯ ಕರು ಸುದ್ದಿ ಕಳಿಸುವ ರೀತಿ ಬೇರೆ ಎಂದು ಡಾಕ್ಟರಮ್ಮ ಅಷ್ಟೇ ಗಂಭೀರವಾಗಿ ಉತ್ತರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಭಯವಿರಬೇಕಾದ ಜಾಗದಲ್ಲಿ ನಗುವೇ ಉಕ್ಕಿ ಬರುತ್ತಿತ್ತು.

ಹಿಂದೆ ಎರಡು ಸಲ ಗರ್ಭ ಹೋಗಿ ಈಗ ರಕ್ತವೂ ಕಂಡಿದ್ದರಿಂದ ಡಾಕ್ಟರಮ್ಮ ಪ್ರೊಜೆಸ್ಟೆರಾನ್ ಮಾತ್ರೆಯನ್ನೇ ಬರೆದುಕೊಟ್ಟರು. ಉಳಿದೇ ಉಳಿಯುತ್ತದೆ ಎಂದು ಮಾತ್ರ ಹೇಳಲಿಲ್ಲ. ಜೀವ ಕಳಿಸುವ ಆ ಹಾರ್ಮೋನು ಏರುತ್ತಿದೆಯೇ ಎಂದು ತಿಳಿಯಲು ಅಂದೊಮ್ಮೆ, ಒಂದು ದಿನ ಬಿಟ್ಟು ಇನ್ನೊಮ್ಮೆ ರಕ್ತ ಕೊಡಬೇಕಿತ್ತು.

ನಡುವಿನ ಆ ದಿನ ಮನೆಯಲ್ಲಿ ಒಬ್ಬಳೇ ಕೂರಲಾರದೆ ಅತ್ತೆಯ ಜೊತೆ ದಂಡೆಗೆ ಹೋದೆ. ಮಾತ್ರೆ ತಲೆಗೇರಿತ್ತು. ಸಮುದ್ರ ಒಂದು ಕಡೆ ವಾಲುತ್ತಿತ್ತು, ತೆಂಗಿನ ಮರಗಳು ಇನ್ನೊಂದು ಕಡೆ. ಪ್ರವಾಸಿ ಹೆಂಗಸೊಬ್ಬಳಿಗೆ ಸರ ತೊಡಿಸಲು ಹೋಗಿ ನನ್ನ ಕೊರಳಿಗೇ ಹಾಕಿಕೊಂಡೆ. ಅವಳೂ ನಕ್ಕಳು, ನಾನೂ ನಕ್ಕೆ. ಪಕ್ಕದಲ್ಲಿ ಶೇಂಗಾ ಮಾರುವವನು, "ಏನ್ ಅಜ್ಜಿ, ಸೊಸಿ ಬೆಳಿಗ್ಗೇನ ಕುಡದಾಳೇನು?" ಎಂದ.

"ಕುಡದಿಲ್ಲೋ," ಅತ್ತೆ ನನ್ನನ್ನು ನೆರಳಿಗೆ ಎಳೆದುಕೊಂಡರು. "ಆಕಿಗೆ ಒಳಗ ಸುದ್ದಿ ಬರಾಕತ್ತೈತಿ."

ಎರಡನೆಯ ರಕ್ತದ ವರದಿ ತರಲು ನಮ್ಮವರು ಬಂದರು. ಹಾರ್ಮೋನು ಚೆನ್ನಾಗಿಯೇ ಏರಿತ್ತು. ವಾಪಸ್ ಬರುವಾಗ ಸ್ಕೂಟರನ್ನು ಎಷ್ಟು ನಿಧಾನ ಓಡಿಸಿದರೆಂದರೆ, ಸೈಕಲ್ ಮೇಲೆ ಪಾವ್ ಮಾರುವ ಪೊದೇರ್ ನಮ್ಮನ್ನು ದಾಟಿ ಹೋದ, ಹೋಗುವಾಗ ತಿರುಗಿಯೂ ನೋಡಿದ.

"ಯಾಕ್ರೀ, ನಡಕೊಂಡ ಹೋಗೂಣೇನು?" ಎಂದೆ.

"ಸುಮ್ಮ ಕುಂಡ್ರು. ತಗ್ಗು ಅದಾವ," ಎಂದರು. ಕನ್ನಡಿಯಲ್ಲಿ ನೋಡಿದರೆ ಅವರ ಮುಖದ ತುಂಬಾ ನಗು.

ಮುಂದೆ ಸ್ಕ್ಯಾನಿನಲ್ಲಿ ಹೃದಯ ಮಿಣಮಿಣ ಮಿಡಿಯುವುದು ಕಂಡಿತು. ಮೂರು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ ಮಾತ್ರೆ ನಿಲ್ಲಿಸಿದರು. ಇನ್ನು ಮಗುವಿನ ಮಾಸೇ ಪ್ರೊಜೆಸ್ಟೆರಾನನ್ನು ಬೇಕಾದಷ್ಟು ತಯಾರಿಸಿಕೊಳ್ಳುತ್ತದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಆ ವಾರವಿಡೀ ಕೆಮ್ಮಲೂ ಹೆದರಿದೆ. ಏನೂ ಆಗಲಿಲ್ಲ, ಹಸಿವು ಮಾತ್ರ ವಿಪರೀತ ಆಯಿತು. ಅತ್ತೆ ರೊಟ್ಟಿ ಬಡಿದು ಬಡಿದು ಸೋತರು.

ದಂಡೆ ಖಾಲಿಯಾಗುವ ಮಳೆಗಾಲದಲ್ಲಿ ಮಗಳು ಹುಟ್ಟಿದಳು. ನಮ್ಮವರು ಕೆಲಸದ ಜಾಗದಿಂದಲೇ ಓಡಿ ಬಂದಿದ್ದರು. ಅತ್ತೆ ಮಗುವನ್ನು ಮುಂದೆ ಹಿಡಿದರೆ, ತಮ್ಮ ಉಗುರಿನ ಸಂದಿಯ ಸಿಮೆಂಟು ನೋಡಿಕೊಂಡು, "ತಡೀ ಯವ್ವಾ," ಎಂದು ನಳದ ಕಡೆ ಹೋದರು. ತೊಳೆದು ಬಂದರು, ಬೆರಳು ನೋಡಿಕೊಂಡರು, ಮತ್ತೆ ಹೋದರು. ಹಾಸಿಗೆಯಲ್ಲಿ ಮಲಗಿದ್ದ ನಾನು ನಗುತ್ತಿದ್ದೆ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ.